ಗಾಡಿ ಪಲ್ಟಿ ಆತಂತ

ಕಾಕುನ, ಅಂದರೆ ನಮ್ಮ ಚಿಕ್ಕಮ್ಮನ, ಮನೆಯ ಪಡಸಾಲೆಯಲ್ಲಿ ಕಾಕಾನ ಒಂದು ಫೋಟೊ ಇದೆ. ಹಸಿರು ಯೂನಿಫಾರ್ಮ್, ಓರೆ ಟೋಪಿ, ಇನ್ನೂ ದಪ್ಪಗಾಗದ ಮೀಸೆ. ಮೊದಲ ಸಲ ಮನೆಗೆ ಬಂದವರು ಚಹಾ ಕೈಗೆ ತಗೊಂಡು ಅದರ ಕಡೆ ಒಮ್ಮೆ ನೋಡುತ್ತಾರೆ. ಆಮೇಲೆ ಕೇಳುವ ಮಾತು ಯಾವಾಗಲೂ ಒಂದೇ.

"ಯುದ್ಧದಾಗ ಹೋದ್ರೇನ್ರಿ?"

"ಇಲ್ರಿ. ಗಾಡಿ ಪಲ್ಟಿ ಆತು."

"ಹೌದಾ... ಪಾಪ."

ಆ 'ಹೌದಾ' ಹೇಳುವಾಗ ದನಿ ಸ್ವಲ್ಪ ಕೆಳಗಿಳಿಯುತ್ತದೆ. ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ನನಗೆ ಅದು ಚೆನ್ನಾಗಿ ಗೊತ್ತು. ಬಂದವರ ತಪ್ಪು ಅಂತ ಹೇಳಲಾರೆ. ಫೋಟೊ ನೋಡಿದ ಕೂಡಲೇ ಅವರ ತಲೆಯಲ್ಲಿ ಬಂಕರ್, ಗುಂಡು, ಬಾವುಟ ಎಲ್ಲ ಬಂದಿರುತ್ತದೆ. ಗಾಡಿ ಪಲ್ಟಿ ಅಂದರೆ ಅದು ನಮ್ಮ ಘಾಟಿನ ರಸ್ತೆಯಲ್ಲಿ ವಾರಕ್ಕೊಮ್ಮೆ ಆಗುವ ಸಂಗತಿ. ಅದಕ್ಕೆ ಟೋಪಿ ಯಾಕೆ, ಯೂನಿಫಾರ್ಮ್ ಯಾಕೆ, ಅಲ್ವಾ?

ನಮ್ಮದು ಬೆಳಗಾವಿ ಜಿಲ್ಲೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದ 'ಭರ್ತಿ' ಅನ್ನುವ ಪದ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಹತ್ತನೇ ಕ್ಲಾಸು ಮುಗಿಸಿದ ಹುಡುಗರು ಬೆಳಗಿನ ಜಾವ ಎದ್ದು ರಸ್ತೆ ಮೇಲೆ ಓಡುತ್ತಿರುತ್ತಾರೆ. ಕಾಕಾನೂ ಹಾಗೇ ಓಡಿದವನು. ಸೇನೆಯಲ್ಲಿ ಡ್ರೈವರ್ ಆದ. ಊರಿಗೆ ರಜೆಗೆ ಬಂದಾಗ ಶಕ್ತಿಮಾನ್ ಲಾರಿಯ ಕಥೆ ಹೇಳುತ್ತಿದ್ದ. ಅದರ ಸ್ಟಿಯರಿಂಗ್ ತಿರುಗಿಸೋಕೆ ಎರಡು ಎತ್ತಿನ ಬಲ ಬೇಕು ಅಂತ. 1993ರಲ್ಲಿ ಅರುಣಾಚಲದ ಒಂದು ಗುಡ್ಡದ ರಸ್ತೆಯಲ್ಲಿ ಅವನ ಲಾರಿ ಕೆಳಗೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಜವಾನನೂ ತೀರಿಕೊಂಡ.

ಆಗೆಲ್ಲ ಶವ ಮನೆಗೆ ಬರುವುದು ಅಪರೂಪ. ತ್ರಿವರ್ಣ ಹೊದಿಸಿದ ಪೆಟ್ಟಿಗೆ ಊರೂರಿಗೆ ಬರತೊಡಗಿದ್ದು ಹೆಚ್ಚುಕಡಿಮೆ 1999ರ ಕಾರ್ಗಿಲ್ ನಂತರ. ನಮ್ಮ ಮನೆಗೆ ಬಂದದ್ದು ಮೊದಲು ಒಂದು ಟೆಲಿಗ್ರಾಂ, ಆಮೇಲೆ ಕೆಂಪು ಬಟ್ಟೆ ಕಟ್ಟಿದ ಗಡಿಗೆಯಲ್ಲಿ ಬೂದಿ, ಒಂದು ಕಪ್ಪು ಟ್ರಂಕು. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು, ಹೆಸರು. ಆ ಟ್ರಂಕು ಈಗಲೂ ಇದೆ. ಅದರೊಳಗೆ ಪೇಪರಿನ ಒಂದು ತುಂಡೂ ಇದೆ. ಮೂರೇ ಸಾಲಿನ ಸುದ್ದಿ. ಮಧ್ಯದಲ್ಲಿ 'ಚಾಲಕನ ನಿಯಂತ್ರಣ ತಪ್ಪಿ' ಅಂತಿದೆ.

ಕಾಕು ಆ ತುಂಡನ್ನು ಇಟ್ಟುಕೊಂಡಿದ್ದಾಳೆ, ಆದರೆ ಯಾರಿಗೂ ಓದಲು ಕೊಡುವುದಿಲ್ಲ. ಯಾಕಂದರೆ ಚಾಲಕ ಅಂದರೆ ಅವಳ ಗಂಡ.

ನಮ್ಮೂರ ಶಾಲೆಯಲ್ಲಿ ಆಗಸ್ಟ್ 15ಕ್ಕೆ ಊರಿನ ಹುತಾತ್ಮರ ಹೆಸರು ಓದುವ ರೂಢಿ. ಎರಡು ಹೆಸರು. 1971ರಲ್ಲಿ ಹೋದವರೊಬ್ಬರು, ಕಾರ್ಗಿಲ್‌ನಲ್ಲಿ ಹೋದವರೊಬ್ಬರು. ಏಳನೇ ಕ್ಲಾಸಿನಲ್ಲಿದ್ದಾಗ ನಾನು ಧೈರ್ಯ ಮಾಡಿ ಮಾಸ್ತರರನ್ನು ಕೇಳಿದ್ದೆ, ನಮ್ಮ ಕಾಕಾನ ಹೆಸರು ಯಾಕಿಲ್ಲ ಅಂತ. ಅವರು ಒಳ್ಳೆಯ ಮನುಷ್ಯ. ಬೈಯಲಿಲ್ಲ. ತಲೆ ಮೇಲೆ ಕೈ ಇಟ್ಟು, "ಅವರದು ಆಕ್ಸಿಡೆಂಟ್ ಅಲ್ಲೇನೋ ತಮ್ಮಾ" ಅಂದರು. ನಾನು ಹೌದ್ರಿ ಸರ್ ಅಂದು ಸಾಲಿಗೆ ಹೋಗಿ ನಿಂತೆ. ಚಾಕಲೇಟು ಕೊಟ್ಟರು, ತಿಂದೆ.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ದೊಡ್ಡವನಾದ ಮೇಲೆ ಇದನ್ನೆಲ್ಲ ಹುಡುಕಿ ಓದುವ ಚಟ ಹತ್ತಿತು. ಓದುತ್ತ ಹೋದಾಗ ತಿಳಿದ ಒಂದು ವಿಷಯ ನನಗೇ ನಗು ತರಿಸಿತು. 'ಹುತಾತ್ಮ' ಅನ್ನುವ ಪದ ಸೇನೆಯ ಕಡತದಲ್ಲಿ ಇಲ್ಲವೇ ಇಲ್ಲ! 'ಶಹೀದ್' ಅನ್ನುವುದಕ್ಕೆ ಅಧಿಕೃತ ವ್ಯಾಖ್ಯೆ ಇಲ್ಲ ಎಂದು ಸರ್ಕಾರ ಸಂಸತ್ತಿನಲ್ಲಿ ಹಲವು ಸಲ ಹೇಳಿದೆ. 2022ರ ಫೆಬ್ರುವರಿಯಲ್ಲಿ ಭೂಸೇನೆ ತನ್ನ ಎಲ್ಲ ಕಮಾಂಡ್‌ಗಳಿಗೆ ಪತ್ರ ಬರೆದು, ಆ ಅರ್ಥದ ಇಂಗ್ಲಿಷ್ ಪದ ಬಳಸಬೇಡಿ, ಧರ್ಮಕ್ಕಾಗಿ ಸಾಯುವವರ ಅರ್ಥ ಅದಕ್ಕಿದೆ, 'ಕರ್ತವ್ಯದಲ್ಲಿ ಮಡಿದವರು' ಎಂಬಂಥ ಮಾತು ಬಳಸಿ ಅಂತ ಹೇಳಿತು. ಅಂದರೆ ನಮ್ಮ ಶಾಲೆಯ ಪಟ್ಟಿಯಲ್ಲಿ ಯಾರನ್ನು ಸೇರಿಸಬೇಕು ಅಂತ ನಿರ್ಧರಿಸಿದ್ದು ಸೇನೆಯಲ್ಲ. ಪೇಪರಿನವರು, ನಾವು, ಮಾಸ್ತರರು.

ಹಾಗಂತ ಸೇನೆ ಸಾವುಗಳನ್ನು ವಿಂಗಡಿಸುವುದಿಲ್ಲ ಅಂತಲ್ಲ. ಚೆನ್ನಾಗಿಯೇ ವಿಂಗಡಿಸುತ್ತದೆ, ಆದರೆ ಬೇರೆ ಭಾಷೆಯಲ್ಲಿ. 2016ರಿಂದ ಜಾರಿಯಲ್ಲಿರುವ ಲೆಕ್ಕ ನೋಡಿ. ಕರ್ತವ್ಯದಲ್ಲಿರುವಾಗ ಅಪಘಾತವಾಗಿ ಸತ್ತರೆ ಕೇಂದ್ರದ ಪರಿಹಾರ 25 ಲಕ್ಷ. ಗಡಿಯ ಚಕಮಕಿಯಲ್ಲಾದರೆ, ಅಥವಾ ನಿಗದಿ ಮಾಡಿದ ಎತ್ತರದ, ದುರ್ಗಮ ಠಾಣೆಗಳಲ್ಲಿ ಹವಾಮಾನದಿಂದ ಸತ್ತರೆ 35 ಲಕ್ಷ. ಯುದ್ಧದಲ್ಲಿ ಶತ್ರುವಿನಿಂದಾದರೆ 45 ಲಕ್ಷ. ಪಿಂಚಣಿಯೂ ಹಾಗೇ. ಸೇವೆಯ ಕಾರಣದಿಂದಲೇ ಸಾವು ಬಂತು ಅಂತ ಒಪ್ಪಿದರೆ ವಿಶೇಷ ಕುಟುಂಬ ಪಿಂಚಣಿ, ಕೊನೆಯ ಸಂಬಳದ ಶೇ 60. ಯುದ್ಧ, ಕಾರ್ಯಾಚರಣೆ ಅಂದರೆ ಪೂರ್ತಿ ಸಂಬಳದಷ್ಟು. ಯಾವುದೂ ಅಲ್ಲ, ಸಹಜ ಕಾಯಿಲೆ ಅಂತಾದರೆ ಶೇ 30.

ಹೀಗೆ ಬರೆದಾಗ ಒರಟಾಗಿ ಕಾಣಿಸುತ್ತದೆ. ಆದರೆ ನಿಜ ಹೇಳಬೇಕೆಂದರೆ ಈ ಲೆಕ್ಕ ನನಗೆ ಶಾಲೆಯ ಪಟ್ಟಿಗಿಂತ ಮರ್ಯಾದೆಯದ್ದು ಅನಿಸುತ್ತದೆ. ಕಾಕುಗೆ ವಿಶೇಷ ಪಿಂಚಣಿ ಬಂತು. ಆ ಆದೇಶದ ಕಾಗದದಲ್ಲಿ 'ಸೇವೆಯ ಕಾರಣದಿಂದ' ಅನ್ನುವ ಅರ್ಥದ ಒಂದು ಸಾಲಿತ್ತು. ಅದಕ್ಕಾಗಿ ಅವಳು ಒಂದು ಕಚೇರಿಗೆ ಎರಡು ವರ್ಷ ಅಲೆದಳು, ಚಪ್ಪಲಿ ಸವೆಯಿತು, ಅದು ಬೇರೆ ಮಾತು. ಆದರೆ ಅವಳ ಗಂಡ ದೇಶದ ಕೆಲಸದಲ್ಲಿರುವಾಗ ಹೋದ ಅಂತ ಸಹಿ ಹಾಕಿ ಒಪ್ಪಿಕೊಂಡ ಕಾಗದ ಅದೊಂದೇ. ಟ್ರಂಕಿನಲ್ಲಿ ಪೇಪರಿನ ತುಂಡಿನ ಮೇಲೆ ಅದನ್ನೇ ಇಟ್ಟಿದ್ದಾಳೆ.

ಹುತಾತ್ಮ ಯಾರು, ಅಪಘಾತ ಯಾವುದು ಅಂತ ನಾವು ಎಳೆಯುವ ಗೆರೆ ಎಷ್ಟು ಅಡ್ಡಾದಿಡ್ಡಿ ಅನ್ನುವುದಕ್ಕೆ ನಮ್ಮ ಪಕ್ಕದ ಜಿಲ್ಲೆಯ ಹನುಮಂತಪ್ಪ ಕೊಪ್ಪದರೇ ಸಾಕ್ಷಿ. ಕುಂದಗೋಳ ತಾಲ್ಲೂಕಿನ ಬೆಟದೂರಿನವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಜನ ಅಡಿಯಲ್ಲಿ ಸಿಕ್ಕಿಬಿದ್ದರು. ಎಲ್ಲರೂ ಹೋದರು ಅಂತಲೇ ಘೋಷಿಸಿಯೂ ಆಗಿತ್ತು. ಆರನೇ ದಿನ ಹಿಮ ಕೊರೆದು ನೋಡಿದರೆ ಒಬ್ಬರ ನಾಡಿ ಇನ್ನೂ ಮಿಡಿಯುತ್ತಿತ್ತು. ದಿಲ್ಲಿಯ ಸೇನಾ ಆಸ್ಪತ್ರೆಗೆ ತಂದರು. ಆ ಮೂರು ದಿನ ನಮ್ಮ ಕಡೆ ಹರಕೆ ಹೊರದ ಮನೆ ಇರಲಿಲ್ಲ. ನನ್ನ ಅವ್ವ ಸಿದ್ಧಾರೂಢರ ಮಠಕ್ಕೆ ಹೇಳಿಕೊಂಡಿದ್ದಳು. 11ನೇ ತಾರೀಖು ಅವರು ತೀರಿಕೊಂಡರು.

ಅಲ್ಲಿ ಯಾರೂ ಗುಂಡು ಹಾರಿಸಿರಲಿಲ್ಲ. ಸಿಯಾಚಿನ್‌ನಲ್ಲಿ 1984ರಿಂದ ನಮ್ಮವರು ಇದ್ದಾರೆ. 2003ರ ನವೆಂಬರ್‌ನಿಂದ ಅಲ್ಲಿ ಕದನ ವಿರಾಮ. ಅದಕ್ಕೂ ಮೊದಲೂ ಅಲ್ಲಿ ಗುಂಡಿಗಿಂತ ಚಳಿ, ಹಿಮಪಾತ, ಹಿಮದ ಬಿರುಕುಗಳೇ ಜಾಸ್ತಿ ಜನರನ್ನು ತಿಂದಿವೆ. ಆದರೂ ಹನುಮಂತಪ್ಪ ಅವರ ಸಾವನ್ನು ಯಾರೂ ಅಪಘಾತ ಅನ್ನಲಿಲ್ಲ. ಅನ್ನಬಾರದು ಕೂಡ. ನನ್ನ ಪ್ರಶ್ನೆ ಇಷ್ಟೇ: ಹಿಮ ಕುಸಿದರೆ ವೀರಮರಣ, ರಸ್ತೆ ಕುಸಿದರೆ ಪಾಪ ಅನ್ನುವುದು ಹೇಗೆ? ಮೂರು ದಿನ ಇಡೀ ನಾಡು ಉಸಿರು ಹಿಡಿದು ಕಾಯಿತು, ಅದಕ್ಕೇ ಇರಬೇಕು. ಕಾಯಲು ನಮಗೆ ಸಮಯ ಸಿಕ್ಕಿತು. ಲಾರಿ ಪ್ರಪಾತಕ್ಕೆ ಬೀಳಲು ಐದು ಸೆಕೆಂಡು ಸಾಕು, ಅಷ್ಟರಲ್ಲಿ ಯಾರು ಹರಕೆ ಹೊರುತ್ತಾರೆ? ಅದೇ ಹಿಮದಡಿ ಹೋದ ಹಾಸನದ ತೇಜೂರಿನ ಸುಬೇದಾರ್, ಎಚ್.ಡಿ. ಕೋಟೆಯ ಸಿಪಾಯಿ, ಇಬ್ಬರ ಹೆಸರು ಈಗ ಎಷ್ಟು ಜನರಿಗೆ ನೆನಪಿದೆ?

ಹಳೆಯ ಕಾಲದವರು ಈ ವಿಷಯದಲ್ಲಿ ನಮಗಿಂತ ಧಾರಾಳ ಅನಿಸುತ್ತದೆ. ಹೊಲದ ಬದುವಿನಲ್ಲಿ, ಗುಡಿಯ ಹಿಂದೆ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ವೀರ. ಎಲ್ಲವೂ ಯುದ್ಧದ್ದಲ್ಲ. ದನ ಕದಿಯಲು ಬಂದವರ ಎದುರು ಬಿದ್ದವರಿಗೂ ಕಲ್ಲಿದೆ, ಹುಲಿ, ಹಂದಿಯ ಜೊತೆ ಸೆಣಸಿ ಸತ್ತವರಿಗೂ ಇದೆ. ಆತಕೂರಿನ ಶಾಸನವಂತೂ ಒಂದು ನಾಯಿಗೇ ಹಾಕಿಸಿದ ಕಲ್ಲು. ಹತ್ತನೇ ಶತಮಾನದ್ದು, ಗಂಗರ ಬೂತುಗನ ಕಾಲ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಏನು ಬೇಕು ಕೇಳು ಅಂದರೆ ಅವನು 'ಕಾಳಿ' ಎಂಬ ನಾಯಿಯನ್ನು ಕೇಳಿದನಂತೆ. ಆ ಕಾಳಿ ಮುಂದೆ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೆರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಗುಡಿಯ ಗೊರವ ಉಂಡರೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಅದರ ಮುಂದೆ ನಿಂತು ನನಗೆ ಹೊಟ್ಟೆಕಿಚ್ಚಾಗಿತ್ತು. ನಾಯಿಯ ಮೇಲೆ ಹೊಟ್ಟೆಕಿಚ್ಚು!

ಅಲ್ಲಿಂದ ಸ್ವಲ್ಪವೇ ದೂರ, ತಾರಾಲಯದ ಹತ್ತಿರ, ಸೈನಿಕ ಸ್ಮಾರಕ ಇದೆ. ಅಲ್ಲಿ ನಿಲ್ಲಿಸಿರುವ 75 ಅಡಿ ಎತ್ತರದ ಕಲ್ಲಿಗೂ ವೀರಗಲ್ಲು ಅಂತಲೇ ಹೆಸರು. ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾಯಿತು. ಅದರ ತ್ಯಾಗ ಚಕ್ರದ ಗೋಡೆಗಳ ಮೇಲೆ ಸ್ವಾತಂತ್ರ್ಯದ ನಂತರ ಯುದ್ಧಗಳಲ್ಲಿ, ಕಾರ್ಯಾಚರಣೆಗಳಲ್ಲಿ ಮಡಿದ 25 ಸಾವಿರಕ್ಕೂ ಜಾಸ್ತಿ ಜನರ ಹೆಸರುಗಳಿವೆ. ಒಂದೊಂದು ಹೆಸರಿಗೆ ಒಂದೊಂದು ಕಲ್ಲಿನ ಇಟ್ಟಿಗೆ. ಹೆಸರೇ ಹೇಳುವಂತೆ ಅದು ಯುದ್ಧದ ಸ್ಮಾರಕ. ಬ್ರಿಟನ್ನಿನವರು 2007ರಲ್ಲಿ ಸ್ಟಾಫರ್ಡ್‌ಶೈರ್‌ನಲ್ಲಿ ಕಟ್ಟಿದ ಸ್ಮಾರಕದಲ್ಲಿ ತರಬೇತಿಯಲ್ಲಿ, ಅಭ್ಯಾಸದಲ್ಲಿ ಸತ್ತವರ ಹೆಸರನ್ನೂ ಯುದ್ಧದವರ ಜೊತೆಗೇ ಕೆತ್ತಿದ್ದಾರೆ. ಮುಂದೆ ಬರುವ ಹೆಸರುಗಳಿಗಾಗಿ ಖಾಲಿ ಗೋಡೆಯನ್ನೂ ಬಿಟ್ಟಿದ್ದಾರೆ. ಓದಿದಾಗ ಮೈ ಜುಂ ಅಂದಿತು.

ಇಷ್ಟು ಹೇಳಿದ ಮೇಲೆ, ಎಲ್ಲರನ್ನೂ ಹುತಾತ್ಮ ಅಂತ ಕರೆದುಬಿಟ್ಟರೆ ಮುಗಿಯಿತಲ್ಲ ಅಂತ ನಿಮಗೆ ಅನಿಸಬಹುದು. ಬಹಳ ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಸ್ವಲ್ಪ ಬದಲಾದೆ.

2019ರ ಫೆಬ್ರುವರಿ 1. ಆಗ ನಾನಿದ್ದ ರೂಮು ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಹೆಚ್ಚು ದೂರವಿರಲಿಲ್ಲ. ಬೆಳಿಗ್ಗೆ ಹೊಗೆ ಎದ್ದದ್ದನ್ನು ಮಹಡಿಯಿಂದ ನೋಡಿದವರಲ್ಲಿ ನಾನೂ ಒಬ್ಬ. ಮೇಲ್ದರ್ಜೆಗೇರಿಸಿದ ಮಿರಾಜ್-2000 ವಿಮಾನದ ಪರೀಕ್ಷಾ ಹಾರಾಟ. ಸ್ಕ್ವಾಡ್ರನ್ ಲೀಡರ್ ಸಮೀರ್ ಅಬ್ರೋಲ್, ಸ್ಕ್ವಾಡ್ರನ್ ಲೀಡರ್ ಸಿದ್ಧಾರ್ಥ ನೇಗಿ. ಇಬ್ಬರೂ ಹೊರಗೆ ಚಿಮ್ಮಿದರು, ಇಬ್ಬರೂ ಉಳಿಯಲಿಲ್ಲ. ಹದಿನೆಂಟೇ ದಿನಕ್ಕೆ ಯಲಹಂಕದ ಆಕಾಶದಲ್ಲಿ ಏರ್ ಶೋ ಅಭ್ಯಾಸದ ವೇಳೆ ಸೂರ್ಯಕಿರಣ ತಂಡದ ಎರಡು ವಿಮಾನ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಹೋದರು. ಅದಕ್ಕೂ ಹತ್ತು ವರ್ಷ ಹಿಂದೆ, 2009ರ ಮಾರ್ಚ್ 6ರಂದು, ಬಿಡದಿ ಹತ್ತಿರ 'ಸಾರಸ್' ವಿಮಾನ ಬಿದ್ದು ವಾಯುಪಡೆಯ ಮೂವರು ಸತ್ತಿದ್ದರು. ಹಾರುತ್ತಿರುವಾಗಲೇ ಒಂದು ಎಂಜಿನ್ ಆಫ್ ಮಾಡಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಹೊತ್ತಿಸಲು ಬರೆದುಕೊಟ್ಟ ಕ್ರಮವೇ ಸರಿ ಇರಲಿಲ್ಲ ಅಂತ ತನಿಖೆ ಹೇಳಿತು.

ಈ ಕೊನೆಯ ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿತು. ಆ ಮೂವರಿಗೆ ಹೂವಿನ ಹಾರ ಹಾಕಿದವರು ಸಾವಿರ ಜನ. ಕ್ರಮ ಸರಿ ಇರಲಿಲ್ಲ ಅಂತ ಕಂಡುಹಿಡಿದವರು ಕೆಲವೇ ಜನ, ಕೂತು, ಕಾಗದ ಓದಿ, ರೆಕಾರ್ಡಿಂಗ್ ಕೇಳಿ. ಯಾರು ಹೆಚ್ಚು ಗೌರವ ಕೊಟ್ಟಂತಾಯಿತು? ನನಗಂತೂ ಎರಡನೆಯವರೇ ಅನಿಸಿತು. ಶತ್ರು ಕೊಂದರೆ ಯಾಕೆ ಸತ್ತ ಅಂತ ಕೇಳುವ ಹಾಗಿಲ್ಲ, ಉತ್ತರ ಎದುರಿಗೇ ಇರುತ್ತದೆ. ಅಪಘಾತದಲ್ಲಿ ಸತ್ತರೆ ಕೇಳಲೇಬೇಕು. ನಾವೋ, ಸುಮ್ನೆ 'ಹುತಾತ್ಮ' ಅಂತ ಒಂದು ದೊಡ್ಡ ಪದ ಹೊದಿಸಿ, ಜೈ ಅಂದು ಮನೆಗೆ ಹೋಗುತ್ತೇವೆ.

ನಮ್ಮ ವಾಯುಪಡೆಯ ಮಿಗ್ ಯುದ್ಧವಿಮಾನಗಳ ಕಥೆ ನೆನಪಿಸಿಕೊಳ್ಳಿ. 872 ಮಿಗ್‌ಗಳಲ್ಲಿ 482 ಅಪಘಾತಕ್ಕೆ ಹೋಗಿವೆ, 171 ಪೈಲಟ್‌ಗಳು ಸತ್ತಿದ್ದಾರೆ ಅಂತ 2012ರಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಅವರೇ ಸಂಸತ್ತಿಗೆ ಹೇಳಿದರು. ಆ 171ರಲ್ಲಿ ಒಬ್ಬರು ಫ್ಲೈಟ್ ಲೆಫ್ಟಿನೆಂಟ್ ಅಭಿಜಿತ್ ಗಾಡ್ಗೀಳ್. 2001ರ ಸೆಪ್ಟೆಂಬರ್‌ನಲ್ಲಿ ಸೂರತ್‌ಗಢದಿಂದ ರಾತ್ರಿ ಮೇಲೇರಿದ ಮಿಗ್-21 ಸ್ವಲ್ಪ ಹೊತ್ತಿಗೇ ಬಿತ್ತು. ತಪ್ಪು ಪೈಲಟ್‌ನದ್ದು ಅನ್ನುವ ಮಾತು ಬಂತು. ಅವರ ತಾಯಿ ಕವಿತಾ ಗಾಡ್ಗೀಳ್ ಅದನ್ನು ಒಪ್ಪಲಿಲ್ಲ. ವರ್ಷಗಟ್ಟಲೆ ಬೆನ್ನು ಹತ್ತಿದರು, ಮಗನ ಮೇಲಿನ ಆ ಮಾತು ಅಳಿಯುವವರೆಗೂ ಬಿಡಲಿಲ್ಲ. ಅವರು ಹಾರ ಕೇಳಲಿಲ್ಲ, ಕಲ್ಲು ಕೇಳಲಿಲ್ಲ. ಅವರ ಕಥೆ ಓದಿದಾಗೆಲ್ಲ ನನಗೆ ಟ್ರಂಕಿನೊಳಗಿನ ಆ ಮೂರು ಸಾಲು ನೆನಪಾಗುತ್ತವೆ. ಆಕಾಶದಲ್ಲಿ 'ಪೈಲಟ್ ತಪ್ಪು', ನೆಲದ ಮೇಲೆ 'ಚಾಲಕನ ನಿಯಂತ್ರಣ ತಪ್ಪಿ'. ಸತ್ತವನು ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ.

2021ರ ಡಿಸೆಂಬರ್ 8ರಂದು ಕೂನೂರಿನ ಹತ್ತಿರ ಬಿದ್ದ ಹೆಲಿಕಾಪ್ಟರ್ ಎಲ್ಲರಿಗೂ ನೆನಪಿರುತ್ತದೆ. ಆಗಿನ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಅವರ ಪತ್ನಿ, ಒಟ್ಟು ಹದಿನಾಲ್ಕು ಜನ. ಒಬ್ಬರೇ ಉಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರದ ಮೇಲೆ ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೊದಲು ತನಿಖೆ ಹೇಳಿದ್ದು: ಕಣಿವೆಯಲ್ಲಿ ಹವಾಮಾನ ದಿಢೀರ್ ಬದಲಾಯಿತು, ಮೋಡದೊಳಗೆ ಹೋದರು, ಪೈಲಟ್‌ಗೆ ದಿಕ್ಕು ತಪ್ಪಿತು, ಯಾರ ಅಜಾಗರೂಕತೆಯೂ ಇಲ್ಲ. ಮೂರು ವರ್ಷದ ನಂತರ, 2024ರ ಡಿಸೆಂಬರ್‌ನಲ್ಲಿ, ಸಂಸದೀಯ ಸಮಿತಿಯ ವರದಿಯ ಪಟ್ಟಿಯಲ್ಲಿ ಅದೇ ಅಪಘಾತದ ಮುಂದೆ ಇದ್ದದ್ದು ಇಷ್ಟೇ: ವಿಮಾನ ಸಿಬ್ಬಂದಿಯ ಮಾನವ ದೋಷ. ಮೋಡ, ಕಣಿವೆ, ಹವಾಮಾನ ಎಲ್ಲ ಆ ಕಾಲಮ್ಮಿನಲ್ಲಿ ಹಿಡಿಸಲಿಲ್ಲ ಅಂತ ಕಾಣುತ್ತದೆ.

ಆ ವರದಿ ಬಂದು ಹೆಚ್ಚುಕಡಿಮೆ ಒಂದು ವಾರ ಆಗಿತ್ತು. ಡಿಸೆಂಬರ್ 24ರ ಸಂಜೆ ಪೂಂಛ್ ಜಿಲ್ಲೆಯಲ್ಲಿ, ಗಡಿ ನಿಯಂತ್ರಣ ರೇಖೆಯ ಕಡೆ ಹೊರಟಿದ್ದ ಸೇನಾ ವಾಹನ ಸುಮಾರು 300 ಅಡಿ ಆಳಕ್ಕೆ ಉರುಳಿತು. ನಮ್ಮದೇ ಮರಾಠಾ ರೆಜಿಮೆಂಟು, ಹನ್ನೊಂದನೇ ಬೆಟಾಲಿಯನ್. ಐವರು ಅಂದೇ ಹೋದರು, ಅದರಲ್ಲಿ ಮೂವರು ಕರ್ನಾಟಕದವರು. ಬೆಳಗಾವಿಯ ದಯಾನಂದ ತಿರಕಣ್ಣವರ, ಮಹಾಲಿಂಗಪುರದ ಮಹೇಶ ಮರಿಗೊಂಡ, ಕುಂದಾಪುರದ ಬೀಜಾಡಿಯ ಅನೂಪ್ ಪೂಜಾರಿ. ಗಾಯಗೊಂಡಿದ್ದ ಕೊಡಗಿನ ದಿವಿನ್ ಕೆಲವು ದಿನಗಳ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಈ ಸಲ ಪೆಟ್ಟಿಗೆಗಳು ಬಂದವು. ರಸ್ತೆಯ ಎರಡೂ ಕಡೆ ಜನ ನಿಂತರು. ಟಿವಿಯಲ್ಲಿ 'ಹುತಾತ್ಮ' ಅಂತಲೇ ಬಂತು. ಯಾರ ದನಿಯೂ ಕೆಳಗಿಳಿಯಲಿಲ್ಲ. ನನಗೆ ಅದನ್ನು ನೋಡಿ ಖುಷಿ ಅಂತ ಹೇಳಲಾರೆ, ಸಮಾಧಾನ ಅನ್ನಬಹುದು. ಮೂವತ್ತು ವರ್ಷದಲ್ಲಿ ಏನೋ ಬದಲಾಗಿದೆ.

ನಾನು ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗಿದ್ದೆ. ಕಾಕುಗೆ ಈಗ ಕಣ್ಣು ಮಂಜು, ಪೇಪರು ಓದಲು ಆಗುವುದಿಲ್ಲ. ಕಟ್ಟೆಯ ಮೇಲೆ ಕೂತು ಕಡಲೆ ಸುಲಿಯುತ್ತಿದ್ದಳು. ಓದು ಅಂದಳು, ಓದಿದೆ. ಊರುಗಳ ಹೆಸರು ಬಂದಾಗ ಕೈ ನಿಲ್ಲುತ್ತಿತ್ತು. ಮಹಾಲಿಂಗಪುರ ಅಂದಾಗ, "ನಮ್ಮ ಅಕ್ಕನ ಗಂಡನ ಮನಿ ಅಲ್ಲೇ ಐತಿ" ಅಂದಳು. ಯಾರಿಗೆ ಹೆಂಡತಿ ಇದ್ದಾಳೆ, ಯಾರಿಗೆ ಸಣ್ಣ ಮಕ್ಕಳಿದ್ದಾರೆ ಅಂತ ಒಬ್ಬೊಬ್ಬರದ್ದೂ ಕೇಳಿದಳು. ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಗಾಡಿ ಯಾರು ಹೊಡಿತಿದ್ರಂತ?"

ನಾನು ಸುದ್ದಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದೆ.

"ಇದ್ರಾಗ ಬರದಿಲ್ಲ ಕಾಕು."

"ಚಲೋ ಆತು ಬಿಡು," ಅಂದಳು. ಮತ್ತೆ ಕಡಲೆ ಸುಲಿಯತೊಡಗಿದಳು.